ಮುಕ್ತಿಯ ಮನೆ ಕಟ್ಟಿದ ಪಂಡಿತಾ ರಮಾಬಾಯಿ

ರಕ್ಷಣೆಯೆಂಬುದು ಸತ್ತ ಮೇಲೆ ದೊರೆಯುವ ಫಲವೋ, ಬದುಕಿರುವಾಗಲೇ ನಾಲ್ವರೊಡನೆ ಹಂಚಿಕೊಳ್ಳಬೇಕಾದ ಅನುಗ್ರಹವೋ? ಈ ಪ್ರಶ್ನೆಗೆ ಪಂಡಿತಾ ರಮಾಬಾಯಿಯವರು ತಮ್ಮ ಜೀವನದಿಂದಲೇ ಉತ್ತರವಿತ್ತರು.

ಅವರ ಜನನ 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳ ಗ್ರಾಮದವರು. ಸ್ತ್ರೀಯರಿಗೆ ಸಂಸ್ಕೃತ ನಿಷಿದ್ಧವೆಂದು ನಂಬಿದ್ದ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಗೆ ಆ ಭಾಷೆಯನ್ನು ಕಲಿಸಿ ಸಮಾಜದ ವಿರೋಧಕ್ಕೆ ಗುರಿಯಾದರು. ತಾಯಿಯ ವಿದ್ಯೆ ಮಗಳಿಗೆ ಬಂದಿತು. ಕುಟುಂಬವು ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ ಜೀವಿಸುತ್ತಿತ್ತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಕೆಲವೇ ತಿಂಗಳುಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ರಮಾಬಾಯಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಅವರು ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1882ರಲ್ಲಿ ಪತಿ ಕಾಲರಾಕ್ಕೆ ಬಲಿಯಾದಾಗ ಅವರ ಮಡಿಲಲ್ಲಿದ್ದುದು ಹಸುಗೂಸು ಮನೋರಮಾ. ಪತಿಯೊಂದಿಗಿದ್ದ ದಿನಗಳಲ್ಲೇ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಅವರ ಕೈ ಸೇರಿತ್ತು. ಆದರೆ ಅವರ ಮನಸ್ಸನ್ನು ತಿರುಗಿಸಿದ್ದು ಗ್ರಂಥವೊಂದೇ ಅಲ್ಲ. 1883ರಲ್ಲಿ ಇಂಗ್ಲೆಂಡಿಗೆ ತೆರಳಿದಾಗ, ಸಮಾಜವು ಪತಿತೆಯರೆಂದು ಹೊರಗಿಟ್ಟ ಸ್ತ್ರೀಯರನ್ನು ಕ್ರೈಸ್ತ ಸನ್ಯಾಸಿನಿಯರು ಪ್ರೀತಿಯಿಂದ ಉಪಚರಿಸುವುದನ್ನು ಕಂಡರು. ಸಮಾರ್ಯದ ಸ್ತ್ರೀಯೊಡನೆ ಯೇಸು ಮಾತನಾಡಿದ ಪ್ರಸಂಗವು ಅವರಿಗೆ ಅಲ್ಲಿ ಅರ್ಥವಾಯಿತು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಆದರೂ ಶಾಂತಿ ಸಿಗಲಿಲ್ಲ. ಗುರುಗಳು ಹೇಳಿದ್ದನ್ನೆಲ್ಲ ಒಪ್ಪುವ ಸ್ವಭಾವ ಅವರದಲ್ಲ. ಸಿದ್ಧಾಂತಗಳ ಬಗೆಗೆ ಸನ್ಯಾಸಿನಿಯರೊಡನೆ ವಾದಿಸಿದರು. ತಾವು ಕ್ರೈಸ್ತ ಧರ್ಮವನ್ನು ಪಡೆದರೂ ಕ್ರಿಸ್ತನನ್ನು ಪಡೆದಿಲ್ಲವೆಂಬ ಅರಿವು ಸುಮಾರು ಎಂಟು ವರ್ಷಗಳ ನಂತರ ಮೂಡಿತು. ತಮ್ಮ ಯೋಗ್ಯತೆಯನ್ನು ನೆಚ್ಚದೆ ಅವನಿಗೆ ಶರಣಾದಾಗ ಮಾತ್ರ ಅವರ ಮನಸ್ಸು ನೆಲೆಗೊಂಡಿತು.

ಅಷ್ಟರಲ್ಲಿ ಅವರ ಕಾರ್ಯ ಆರಂಭವಾಗಿತ್ತು. 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಬಳಿಕ ಅದು ಪುಣೆಗೆ ಬಂದಿತು. ವಿದ್ಯಾರ್ಥಿನಿಯರನ್ನು ಮತಾಂತರದತ್ತ ಸೆಳೆಯಲಾಗುತ್ತಿದೆಯೆಂಬ ಆರೋಪ ಎದ್ದು, 1893ರಲ್ಲಿ ಸಲಹಾ ಮಂಡಳಿಯ ಹಿರಿಯರು ರಾಜೀನಾಮೆಯಿತ್ತರು. ಹಲವು ಪೋಷಕರು ಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ತಮ್ಮ ಪ್ರಾರ್ಥನೆಯನ್ನು ಬಾಗಿಲು ಮುಚ್ಚಿ ಮಾಡಲು ರಮಾಬಾಯಿ ಒಪ್ಪಲಿಲ್ಲ. ಗೆಳೆಯರನ್ನು ಕಳೆದುಕೊಂಡರೂ ಕೆಲಸವನ್ನು ನಿಲ್ಲಿಸಲಿಲ್ಲ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರಗಾಲ ಬಂದಾಗ ಅವರಿಗೆ ತಮ್ಮ ಬಾಲ್ಯದ ಹಸಿವು ನೆನಪಾಯಿತು. ತಾವೇ ಅಲ್ಲಿಗೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಸಮೀಪದ ಕೇಡಗಾಂವ್‌ನಲ್ಲಿ ಅವರಿಗಾಗಿ ಎದ್ದ ಆಶ್ರಮವೇ ಮುಕ್ತಿ ಸದನ. ಅಂಧರಿಗೆ ಓದು, ವಿಧವೆಯರಿಗೆ ನೇಯ್ಗೆ, ಬೇಸಾಯ, ಮುದ್ರಣದ ಕೆಲಸ ಅಲ್ಲಿ ದೊರೆಯಿತು. ಮುಕ್ತಿಯೆಂಬುದು ಅವರಿಗೆ ಪಾಪದಿಂದ ಬಿಡುಗಡೆಯಾಗಿರುವಂತೆಯೇ ಹಸಿವು, ಅಜ್ಞಾನ, ಅವಮಾನಗಳಿಂದಲೂ ಬಿಡುಗಡೆಯಾಗಿತ್ತು.

ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ಬೈಬಲನ್ನು ಅನುವಾದಿಸುವುದು ಅವರ ಕೊನೆಯ ವರ್ಷಗಳ ಸಾಧನೆ. ಗುಲ್ಬರ್ಗದಲ್ಲಿಯೂ ಹೆಣ್ಣುಮಕ್ಕಳ ಶಾಲೆ ನಡೆಸಿದ್ದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ಆ ದುಃಖದ ನಡುವೆಯೂ ಅನುವಾದವನ್ನು ಪೂರೈಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು.

ಕೇಡಗಾಂವ್‌ನ ಆ ಆಶ್ರಮದ ಬಾಗಿಲು ನಿರಾಶ್ರಿತ ಸ್ತ್ರೀಯರಿಗೆ, ಮಕ್ಕಳಿಗೆ ಇಂದಿಗೂ ತೆರೆದಿದೆ. ವಿಶ್ವಾಸವು ನಾಲಿಗೆಯಿಂದ ಕೈಗಳಿಗೆ ಇಳಿದು ಬಂದಾಗ ಅದು ಎಷ್ಟು ಕಾಲ ಉಳಿಯಬಲ್ಲುದು ಎಂಬುದಕ್ಕೆ ಆ ತೆರೆದ ಬಾಗಿಲೇ ಸಾಕ್ಷಿ.