ತಾರಾವೀಕ್ಷಕರಾದ ವೈನು ಬಪ್ಪು ಅವರು

ಮಾರ್ಗಶಿರದ ಸಂಜೆಗಳಲ್ಲಿ ಬಿನ್ನಿಪೇಟೆಯ ಈ ಶಾಲೆಯ ಮಾಳಿಗೆಯ ಮೇಲೆ ನಿಂತು ಕೃತ್ತಿಕೆಯ ತಾರೆಗಳನ್ನು ಎಣಿಸಿದುದು ವಸತಿಗೃಹದಲ್ಲಿದ್ದ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಆರನ್ನು ಎಣಿಸಿದವಳೇ ಆಗ ಚುರುಕುಗಣ್ಣಿನವಳು! ಆ ಗುಚ್ಛದಲ್ಲಿ ವಾಸ್ತವವಾಗಿ ಸಾವಿರಕ್ಕೆ ಮೇಲ್ಪಟ್ಟ ತಾರೆಗಳಿವೆ. ಇಂಥ ದೂರದ ಗುಚ್ಛಗಳನ್ನು ಸ್ವದೇಶದ ದೂರದರ್ಶಕದಿಂದಲೇ ನೋಡುವಂತಾಗಬೇಕೆಂದು ಶ್ರಮಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆದಿದ್ದೇವೆ.

ವೈನು ಬಪ್ಪು ಅವರು 1927ನೆಯ ಇಸವಿ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಕೆಲಸದಲ್ಲಿದ್ದುದರಿಂದ ಬಾಲಕನಿಗೆ ದೂರದರ್ಶಕವು ಎಳೆತನದಿಂದಲೇ ಪರಿಚಿತವಾಗಿದ್ದಿತು. ಅಮೆರಿಕೆಯ ಹಾರ್ವರ್ಡಿನಲ್ಲಿ ವ್ಯಾಸಂಗಮಾಡುತ್ತಿದ್ದಾಗ, 1949ರಲ್ಲಿ, ಛಾಯಾಚಿತ್ರದ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಕಂಡರು. ಬಪ್ಪು, ಬಾಕ್, ನ್ಯೂಕರ್ಕ್ ಎಂಬ ಮೂವರ ಹೆಸರನ್ನೂ ಅದಕ್ಕೆ ಇಟ್ಟರು.

ಆದರೆ 1957ರಲ್ಲಿ ವಿಲ್ಸನ್ ಎಂಬ ವಿದ್ವಾಂಸರೊಡನೆ ಪ್ರಕಟಿಸಿದ ಶೋಧನೆಯೇ ಇದಕ್ಕಿಂತ ಹೆಚ್ಚಿನದೆಂದು ನಮ್ಮ ಎಣಿಕೆ. ತಂಪಾದ ತಾರೆಗಳ ಬೆಳಕನ್ನು ವರ್ಣಪಟಲವಾಗಿ ಬಿಡಿಸಿದರೆ, ಕ್ಯಾಲ್ಸಿಯಂ ಗೆರೆಯ ನಡುವೆ ಒಂದು ಸಣ್ಣ ಹೊಳಪು ಕಾಣುವುದು. ಆ ಹೊಳಪಿನ ಅಗಲವು ಹೆಚ್ಚಿದಷ್ಟೂ ತಾರೆಯ ನಿಜವಾದ ಪ್ರಕಾಶವೂ ಹೆಚ್ಚು. ದೀಪದ ಬಲವನ್ನು ಬಲ್ಲವನು ಅದರ ಮಂಕನ್ನು ನೋಡಿ ದೂರವನ್ನು ಊಹಿಸುವಂತೆ, ಇದರಿಂದ ತಾರೆಯ ದೂರವನ್ನು ತಿಳಿಯಬಹುದು. ರೋಹಿಣಿಯ ನೆರೆಯಲ್ಲಿ ಕಾಣುವ ಹಯಾಡೀಸ್ ಗುಚ್ಛದ ತಾರೆಗಳು ಈ ಅಳತೆಗೆ ಆಧಾರವಾದುವು.

ಪಲೋಮಾರಿನ ಮಹಾಯಂತ್ರದಲ್ಲಿ ಕೆಲಸಮಾಡಿದ್ದವರು 1953ರಲ್ಲಿ ಸ್ವದೇಶಕ್ಕೆ ಮರಳಿ, 1960ರಲ್ಲಿ ಕೊಡೈಕನಾಲಿನ ವೇಧಶಾಲೆಯ ಮುಖ್ಯಸ್ಥರಾದರು. ರಾತ್ರಿಯ ವೀಕ್ಷಣೆಗೆ ತಕ್ಕ ಬೇರೊಂದು ಸ್ಥಳವನ್ನು ಅರಸಿ, ಜವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ 38 ಸೆಂಟಿಮೀಟರಿನ ಸಣ್ಣ ಯಂತ್ರದಿಂದ ಕೆಲಸವು ಮೊದಲಾಯಿತು. ಸಮಭಾಜಕವೃತ್ತಕ್ಕೆ ಸಮೀಪವಾದುದರಿಂದ ಅಲ್ಲಿಂದ ತೆಂಕಣ ಆಕಾಶವೂ ಚೆನ್ನಾಗಿ ಕಾಣುವುದು.

2.34 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ನಮ್ಮ ದೇಶದಲ್ಲಿಯೇ ನಿರ್ಮಿಸಬೇಕೆಂಬುದು ಅವರ ದೊಡ್ಡ ಹಂಬಲ. ಅವರು ಕಟ್ಟಿಬೆಳೆಸಿದ ಭಾರತೀಯ ಖಭೌತ ಸಂಸ್ಥೆಯು 1975ರಲ್ಲಿ ಬೆಂಗಳೂರಿಗೆ ಬಂದಿತು. ಆ ಕನ್ನಡಿಯನ್ನು ಉಜ್ಜಿ ನಯಮಾಡಿದುದು ನಮ್ಮ ಊರಿನ ಕೋರಮಂಗಲದಲ್ಲಿ ಎಂಬುದನ್ನು ಎಷ್ಟು ಮಂದಿ ಪೋಷಕರು ಬಲ್ಲರೋ! ಕೆಲಸವಿನ್ನೂ ಮುಗಿದಿರಲಿಲ್ಲ. ಜಾಗತಿಕ ಖಗೋಲ ಸಂಘದ ಅಧ್ಯಕ್ಷರಾಗಿದ್ದಾಗಲೇ, 1982ರ ಆಗಸ್ಟ್ 19ರಂದು, ಐವತ್ತೈದನೆಯ ವಯಸ್ಸಿನಲ್ಲಿ ಅವರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ತೀರಿಕೊಂಡರು. ತಾವು ಬಯಸಿದ ಯಂತ್ರದಲ್ಲಿ ಒಂದು ತಾರೆಯನ್ನಾದರೂ ನೋಡುವುದು ಅವರಿಗೆ ಲಭಿಸಲಿಲ್ಲ.

ಯಂತ್ರವು 1985ರಲ್ಲಿ ಸಿದ್ಧವಾಯಿತು. 1986ರ ಜನವರಿಯಲ್ಲಿ ಅದಕ್ಕೂ ವೇಧಶಾಲೆಗೂ ಅವರ ಹೆಸರನ್ನಿಟ್ಟರು. ಒಮೇಗಾ ಸೆಂಟಾರಿ ಎಂಬ ಮಹಾಗುಚ್ಛವು ಅಲ್ಲಿಂದ ಕಾಣುವುದು. ಅದು ಸುಮಾರು 17,000 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಮೇ ತಿಂಗಳ ರಾತ್ರಿ ಹತ್ತರ ಸುಮಾರಿಗೆ, ದೀಪಗಳ ಗಲಾಟೆಯಿಲ್ಲದ ಹಳ್ಳಿಯಿಂದ ತೆಂಕಣದಿಕ್ಕಿಗೆ ನೋಡಿದರೆ, ಬರಿಗಣ್ಣಿಗೂ ಅದು ಮಂಕುಚುಕ್ಕೆಯಾಗಿ ತೋರುವುದು. ರಜೆಗೆ ಊರಿಗೆ ಹೋಗುವ ನಮ್ಮ ಹುಡುಗಿಯರು ಮನೆಯವರನ್ನೂ ಹೊರಗೆ ಕರೆದು ತೋರಿಸಲಿ.