ವರ್ಜಿಲ್ ಎಕ್ಸ್‌ನರ್

ವರ್ಜಿಲ್ ಮ್ಯಾಕ್ಸ್ ಎಕ್ಸ್‌ನರ್ (ಸೆಪ್ಟೆಂಬರ್ 24, 1909 – ಡಿಸೆಂಬರ್ 22, 1973) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಮೋಟಾರು ವಾಹನ ವಿನ್ಯಾಸಕಾರರು. ಜನರಲ್ ಮೋಟಾರ್ಸ್, ಸ್ಟುಡಿಬೇಕರ್ ಮತ್ತು ಕ್ರೈಸ್ಲರ್ ಸಂಸ್ಥೆಗಳಲ್ಲಿ ಅವರು ಸೇವೆ ಸಲ್ಲಿಸಿದರು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇಟಲಿಯ ಟ್ಯೂರಿನ್ ನಗರದ ಘಿಯಾ ಸಂಸ್ಥೆಯ ಕುಶಲಕರ್ಮಿಗಳಿಂದ ಕ್ರೈಸ್ಲರ್‌ಗಾಗಿ ಪರಿಕಲ್ಪನಾ ಕಾರುಗಳ ಸರಣಿಯನ್ನೇ ಮಾಡಿಸಿದ್ದು ಅವರ ಮುಖ್ಯ ಸಾಧನೆಗಳಲ್ಲಿ ಒಂದು. ಈ ಕಾರುಗಳಲ್ಲಿ ರೂಪುಗೊಂಡ ಕಲ್ಪನೆಗಳು 1955ರ ನಂತರದ ಕ್ರೈಸ್ಲರ್ ಕಾರುಗಳ ಸ್ವರೂಪವನ್ನು ಬದಲಿಸಿದವು.

ಜನನ ಮತ್ತು ಬಾಲ್ಯ

ಎಕ್ಸ್‌ನರ್ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಜನಿಸಿದರು. ಶಿಶುವಾಗಿದ್ದಾಗಲೇ ಎಕ್ಸ್‌ನರ್ ದಂಪತಿಗಳು ಅವರನ್ನು ದತ್ತು ಪಡೆದರು. ಅದೇ ರಾಜ್ಯದ ಬ್ಯೂಕ್ಯಾನನ್ ಎಂಬ ಚಿಕ್ಕ ಊರಿನಲ್ಲಿ ಅವರು ಬೆಳೆದರು. ಬಾಲ್ಯದಿಂದಲೂ ಚಿತ್ರಕಲೆ ಮತ್ತು ಕಾರುಗಳಲ್ಲಿ ಅವರಿಗೆ ಆಸಕ್ತಿಯಿತ್ತು. ಇಂಡಿಯಾನಾ ರಾಜ್ಯದ ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಕಲೆಯ ವ್ಯಾಸಂಗಕ್ಕೆ ಸೇರಿದರಾದರೂ ಹಣದ ಅಡಚಣೆಯಿಂದ 1928ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಬಳಿಕ ಸೌತ್ ಬೆಂಡ್ ನಗರದ ಜಾಹೀರಾತು ಚಿತ್ರಶಾಲೆಯೊಂದರಲ್ಲಿ ಸಹಾಯಕರಾಗಿ ಸೇರಿ ಸ್ಟುಡಿಬೇಕರ್ ವಾಹನಗಳ ಜಾಹೀರಾತು ಚಿತ್ರಗಳನ್ನು ರಚಿಸಿದರು. 1931ರಲ್ಲಿ ಅವರ ವಿವಾಹವಾಯಿತು. 1933ರಲ್ಲಿ ಜನಿಸಿದ ಪುತ್ರ ಕಿರಿಯ ವರ್ಜಿಲ್ ಎಕ್ಸ್‌ನರ್ ಮುಂದೆ ತಾವೂ ವಾಹನ ವಿನ್ಯಾಸಕಾರರಾದರು.

ಆರಂಭಿಕ ವೃತ್ತಿಜೀವನ

1930ರ ದಶಕದ ಮಧ್ಯಭಾಗದಲ್ಲಿ ಹಾರ್ಲಿ ಅರ್ಲ್ ಅವರು ಎಕ್ಸ್‌ನರ್‌ರನ್ನು ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗಕ್ಕೆ ಸೇರಿಸಿಕೊಂಡರು. ಮೂವತ್ತು ವರ್ಷ ತುಂಬುವ ಮೊದಲೇ ಎಕ್ಸ್‌ನರ್ ಪಾಂಟಿಯಾಕ್ ಕಾರುಗಳ ವಿನ್ಯಾಸದ ಹೊಣೆ ಹೊತ್ತಿದ್ದರು. 1938ರಲ್ಲಿ ಅವರು ರೇಮಂಡ್ ಲೋವಿ ಅವರ ಸಂಸ್ಥೆಯನ್ನು ಸೇರಿ ಸ್ಟುಡಿಬೇಕರ್ ಕಾರುಗಳ ಮೇಲೆ ಕೆಲಸ ಮಾಡಿದರು.

ಯುದ್ಧಾನಂತರದ ಹೊಸ ಸ್ಟುಡಿಬೇಕರ್ ಕಾರನ್ನು ರೂಪಿಸುವಾಗ ಲೋವಿ ಮತ್ತು ಸ್ಟುಡಿಬೇಕರ್‌ನ ಎಂಜಿನಿಯರಿಂಗ್ ಮುಖ್ಯಸ್ಥ ರಾಯ್ ಕೋಲ್ ಅವರ ನಡುವೆ ಹೊಂದಾಣಿಕೆ ಇರಲಿಲ್ಲ. ಕೋಲ್ ಅವರ ಪ್ರೋತ್ಸಾಹದಿಂದ ಎಕ್ಸ್‌ನರ್ ತಮ್ಮ ಮನೆಯಲ್ಲಿಯೇ ಗುಟ್ಟಾಗಿ ಪ್ರತ್ಯೇಕ ವಿನ್ಯಾಸವೊಂದನ್ನು ಸಿದ್ಧಪಡಿಸಿದರು. ಇದು ತಿಳಿದ ಲೋವಿ 1944ರಲ್ಲಿ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಕೂಡಲೇ ಸ್ಟುಡಿಬೇಕರ್ ಸಂಸ್ಥೆ ಅವರನ್ನು ನೇರವಾಗಿ ನೇಮಿಸಿಕೊಂಡಿತು. 1947ರ ಮಾದರಿಯಾಗಿ ಬಂದ ಆ ಕಾರಿನ ಮೂಲ ರೂಪ ಬಹುಮಟ್ಟಿಗೆ ಎಕ್ಸ್‌ನರ್ ಅವರದಾಗಿದ್ದರೂ ಪ್ರಚಾರದಲ್ಲಿ ಮುಂದೆ ಬಂದದ್ದು ಲೋವಿಯವರ ಹೆಸರೇ. ಈ ಕಾರಿನ ಶ್ರೇಯಸ್ಸು ಯಾರದೆಂಬ ಚರ್ಚೆ ಬಹುಕಾಲ ನಡೆಯಿತು.

ಕ್ರೈಸ್ಲರ್ ಮತ್ತು ಘಿಯಾ

1949ರಲ್ಲಿ ಎಕ್ಸ್‌ನರ್ ಕ್ರೈಸ್ಲರ್ ಸಂಸ್ಥೆಗೆ ಸೇರಿದರು. ಆ ಕಾಲದಲ್ಲಿ ಅಲ್ಲಿ ಎಂಜಿನಿಯರುಗಳ ಮಾತೇ ಅಂತಿಮವಾಗಿತ್ತು. ಅಧ್ಯಕ್ಷರಾಗಿದ್ದ ಕೆ. ಟಿ. ಕೆಲ್ಲರ್ ಅವರು ಟೋಪಿ ಧರಿಸಿದವರೂ ಆರಾಮವಾಗಿ ಕೂರುವಷ್ಟು ಎತ್ತರದ ಕಾರುಗಳನ್ನು ಬಯಸುತ್ತಿದ್ದರು. ಕಾರುಗಳು ಗಟ್ಟಿಮುಟ್ಟಾಗಿದ್ದವು; ಆದರೆ ನೋಟದಲ್ಲಿ ಪೆಟ್ಟಿಗೆಯಂತಿದ್ದು ಪ್ರತಿಸ್ಪರ್ಧಿಗಳ ತಗ್ಗಾದ, ಉದ್ದನೆಯ ಕಾರುಗಳ ಮುಂದೆ ಹಳತಾಗಿ ಕಾಣುತ್ತಿದ್ದವು. ನೇರವಾಗಿ ಮಾರಾಟದ ಕಾರುಗಳನ್ನು ಬದಲಿಸುವ ಅಧಿಕಾರ ಎಕ್ಸ್‌ನರ್ ಅವರಿಗೆ ಆರಂಭದಲ್ಲಿ ಇರಲಿಲ್ಲ. ಮುಂದಿನ ಕಾಲದ ವಿನ್ಯಾಸಗಳಿಗೆ ಮೀಸಲಾದ ಚಿಕ್ಕ ವಿಭಾಗವೊಂದನ್ನು ಅವರಿಗೆ ಒಪ್ಪಿಸಲಾಗಿತ್ತು.

ಇದೇ ಸಮಯದಲ್ಲಿ ಘಿಯಾ ಸಂಸ್ಥೆಯು ತನ್ನ ಕೆಲಸದ ಮಾದರಿಯಾಗಿ ಪ್ಲಿಮತ್ ಎಕ್ಸ್‌ಎಕ್ಸ್-500 ಎಂಬ ಕಾರನ್ನು ಕಟ್ಟಿ ಕ್ರೈಸ್ಲರ್‌ಗೆ ತೋರಿಸಿತು. ವಿನ್ಯಾಸ ಸಾಧಾರಣವಾಗಿದ್ದರೂ ಕೈಕೆಲಸದ ನಯ ಮತ್ತು ತಗಲಿದ ಅಲ್ಪ ವೆಚ್ಚ ಅಮೆರಿಕನ್ನರ ಗಮನ ಸೆಳೆದವು. ಯುದ್ಧದಿಂದ ಬಳಲಿದ್ದ ಇಟಲಿಯಲ್ಲಿ ಕುಶಲಕರ್ಮಿಗಳ ಕೂಲಿ ಡೆಟ್ರಾಯಿಟ್‌ಗಿಂತ ಬಹಳ ಕಡಿಮೆಯಿತ್ತು. ಹೀಗೆ ಹೊಸದೊಂದು ಕಾರ್ಯವಿಧಾನ ರೂಪುಗೊಂಡಿತು. ಎಕ್ಸ್‌ನರ್ ಅವರ ರೇಖಾಚಿತ್ರಗಳು ಮತ್ತು ಕಿರಿದಾದ ಮಾದರಿಗಳು ಕ್ರೈಸ್ಲರ್ ಚಾಸಿಸ್‌ನೊಂದಿಗೆ ಟ್ಯೂರಿನ್‌ಗೆ ಹೋಗುತ್ತಿದ್ದವು. ಅಲ್ಲಿನ ಕೆಲಸಗಾರರು ಲೋಹದ ತಗಡನ್ನು ಸುತ್ತಿಗೆಯಿಂದ ಬಡಿದು ಬಾಡಿಯನ್ನು ಕಟ್ಟುತ್ತಿದ್ದರು. ಪೂರ್ಣಗೊಂಡ ಕಾರು ಹಡಗಿನಲ್ಲಿ ಅಮೆರಿಕಕ್ಕೆ ಮರಳುತ್ತಿತ್ತು. ಘಿಯಾದ ಲುಯಿಜಿ ಸೆಗ್ರೆ ಈ ಸಹಯೋಗದಲ್ಲಿ ಪ್ರಮುಖ ಪಾತ್ರ ವಹಿಸಿದರು.

ಪ್ರಮುಖ ಪರಿಕಲ್ಪನಾ ಕಾರುಗಳು

1951ರ ಕೆ-310 ಈ ಸರಣಿಯ ಮೊದಲ ಮುಖ್ಯ ಕಾರು. ಹೆಸರಿನಲ್ಲಿರುವ ಕೆ ಅಕ್ಷರ ಕೆಲ್ಲರ್ ಅವರನ್ನು ಸೂಚಿಸುತ್ತದೆ. ಚಕ್ರವೇ ವಾಹನದ ಮೂಲ ಎಂಬುದು ಎಕ್ಸ್‌ನರ್ ಅವರ ನಿಲುವಾಗಿತ್ತು. ಆದ್ದರಿಂದ ಇತರರು ಚಕ್ರಗಳನ್ನು ಮುಚ್ಚುತ್ತಿದ್ದಾಗ ಅವರು ತಂತಿಕಡ್ಡಿಗಳ ಚಕ್ರಗಳು ಪೂರ್ತಿ ಕಾಣುವಂತೆ ಬಿಟ್ಟರು. ಸ್ಟೆಪ್ನಿಯ ಆಕಾರವನ್ನು ಡಿಕ್ಕಿಯ ಮುಚ್ಚಳದ ಮೇಲೆ ಮೂಡಿಸಿದರು. ಉದ್ದನೆಯ ಬಾನೆಟ್, ಮೋಟಾದ ಹಿಂಭಾಗ ಹಾಗೂ ನೆಟ್ಟನೆಯ ಗ್ರಿಲ್ ಯುದ್ಧಪೂರ್ವದ ಐಷಾರಾಮಿ ಕಾರುಗಳನ್ನು ನೆನಪಿಸುತ್ತಿದ್ದವು. ಈ ಕಾರಿನ ಎದ್ದು ನಿಂತ ಹಿಂದೀಪಗಳನ್ನು 1955ರ ಇಂಪೀರಿಯಲ್ ಕಾರಿನಲ್ಲಿ ಬಳಸಿಕೊಳ್ಳಲಾಯಿತು.

1952ರಲ್ಲಿ ಸಿ-200 ಮತ್ತು ಕ್ರೈಸ್ಲರ್ ಸ್ಪೆಷಲ್, 1953ರಲ್ಲಿ ಡೆಲೆಗನ್ಸ್, ನಂತರ ಡಿಸೋಟೊ ಅಡ್ವೆಂಚರರ್ ಮತ್ತು ಡಾಡ್ಜ್ ಫೈರ್‌ಆರೋ ಸರಣಿ ಬಂದವು. ಫೋಕ್ಸ್‌ವ್ಯಾಗನ್‌ನ ಕಾರ್ಮನ್ ಘಿಯಾ ಕಾರಿನ ರೂಪಕ್ಕೆ ಡೆಲೆಗನ್ಸ್ ಪ್ರೇರಣೆಯಾಯಿತೆಂಬ ಅಭಿಪ್ರಾಯವಿದೆ. ಇವು ಕೇವಲ ಪ್ರದರ್ಶನದ ಬೊಂಬೆಗಳಾಗಿರದೆ ರಸ್ತೆಯ ಮೇಲೆ ಓಡಬಲ್ಲ ಕಾರುಗಳಾಗಿದ್ದುದು ವಿಶೇಷ. ಡೆಟ್ರಾಯಿಟ್‌ನ ಉದ್ಯಮಿ ಯೂಜೀನ್ ಕ್ಯಾಸರೋಲ್ ಫೈರ್‌ಆರೋ ವಿನ್ಯಾಸವನ್ನು ಆಧರಿಸಿ ಡ್ಯುಯಲ್-ಘಿಯಾ ಎಂಬ ಕಾರನ್ನು ಅಲ್ಪ ಸಂಖ್ಯೆಯಲ್ಲಿ ತಯಾರಿಸಿ ಮಾರಿದರು. ಗಾಯಕ ಫ್ರಾಂಕ್ ಸಿನಾತ್ರ ಅದರ ಮಾಲೀಕರಲ್ಲಿ ಒಬ್ಬರು.

ನಾರ್ಸ್‌ಮನ್ ದುರಂತ

ನಾರ್ಸ್‌ಮನ್ ಈ ಸರಣಿಯ ಅತ್ಯಂತ ಸಾಹಸದ ಕಾರಾಗಿತ್ತು. ಇದರ ಮುಂಗಾಜಿನ ಇಕ್ಕೆಲಗಳಲ್ಲಿ ಛಾವಣಿಯನ್ನು ಹೊರುವ ಕಂಬಗಳಿರಲಿಲ್ಲ. ಇಡೀ ಛಾವಣಿ ಹಿಂಭಾಗದ ಆಧಾರದಿಂದಲೇ ಮುಂದಕ್ಕೆ ಚಾಚಿತ್ತು. ಟ್ಯೂರಿನ್‌ನಲ್ಲಿ ಸಿದ್ಧವಾದ ಕಾರನ್ನು 1956ರ ಜುಲೈನಲ್ಲಿ ಆಂಡ್ರಿಯಾ ಡೋರಿಯಾ ಹಡಗಿನಲ್ಲಿ ನ್ಯೂಯಾರ್ಕ್‌ಗೆ ಕಳುಹಿಸಲಾಯಿತು. ಜುಲೈ 25ರ ರಾತ್ರಿ ನ್ಯಾನ್‌ಟಕೆಟ್ ದ್ವೀಪದ ಬಳಿ ಸ್ವೀಡನ್ನಿನ ಸ್ಟಾಕ್‌ಹೋಮ್ ಹಡಗು ಅದಕ್ಕೆ ಡಿಕ್ಕಿ ಹೊಡೆಯಿತು. ಮರುದಿನ ಬೆಳಿಗ್ಗೆ ಆಂಡ್ರಿಯಾ ಡೋರಿಯಾ ಮುಳುಗಿತು. ಈ ಅಪಘಾತದಲ್ಲಿ ಎರಡೂ ಹಡಗುಗಳ ಒಟ್ಟು 51 ಮಂದಿ ಪ್ರಾಣ ಕಳೆದುಕೊಂಡರು. ನಾರ್ಸ್‌ಮನ್ ಕೂಡ ಸಮುದ್ರದ ಪಾಲಾಯಿತು. ಅದರ ಎರಡನೆಯ ಪ್ರತಿ ಇರಲಿಲ್ಲ. ಹೀಗಾಗಿ ಅಮೆರಿಕದ ಸಾರ್ವಜನಿಕರು ಕಾಣುವ ಮೊದಲೇ ಕಾರು ಕಣ್ಮರೆಯಾಯಿತು. ಕಂಬಗಳಿಲ್ಲದ ಛಾವಣಿಯ ಬಲವನ್ನು ಪರೀಕ್ಷಿಸುವ ಅವಕಾಶವೂ ತಪ್ಪಿಹೋಯಿತು. ಅದೇ ವರ್ಷ ಎಕ್ಸ್‌ನರ್ ಅವರಿಗೆ ತೀವ್ರ ಹೃದಯಾಘಾತವಾಯಿತು.

ಏಳುಬೀಳು

1954ರ ವೇಳೆಗೆ ಅಮೆರಿಕದ ಮಾರುಕಟ್ಟೆಯಲ್ಲಿ ಕ್ರೈಸ್ಲರ್‌ನ ಪಾಲು ಸುಮಾರು ಶೇಕಡ 13ಕ್ಕೆ ಕುಸಿದಿತ್ತು. ಎಕ್ಸ್‌ನರ್ ಅವರ ನೇತೃತ್ವದಲ್ಲಿ ಮರುವಿನ್ಯಾಸಗೊಂಡ 1955ರ ಕಾರುಗಳು ಜನಪ್ರಿಯವಾಗಿ ಸಂಸ್ಥೆಗೆ ಚೇತರಿಕೆ ತಂದವು. 1957ರಲ್ಲಿ ಬಂದ ತಗ್ಗಾದ, ಎತ್ತರದ ಬಾಲರೆಕ್ಕೆಗಳ ಕಾರುಗಳು ಇನ್ನೂ ದೊಡ್ಡ ಸಂಚಲನ ಉಂಟುಮಾಡಿದವು. ಅವುಗಳನ್ನು ಕಂಡ ಜನರಲ್ ಮೋಟಾರ್ಸ್ ತನ್ನ 1959ರ ಮಾದರಿಗಳನ್ನು ಹೊಸದಾಗಿ ರೂಪಿಸಿತು. 1957ರಲ್ಲಿ ಎಕ್ಸ್‌ನರ್ ಸಂಸ್ಥೆಯ ಉಪಾಧ್ಯಕ್ಷರಾದರು. ಆದರೆ ಅವಸರದ ತಯಾರಿಕೆಯಿಂದಾಗಿ ಈ ಕಾರುಗಳಲ್ಲಿ ಬೇಗ ತುಕ್ಕು ಹಿಡಿಯುವುದೇ ಮೊದಲಾದ ದೋಷಗಳು ಕಂಡುಬಂದು, ಗುಣಮಟ್ಟಕ್ಕಾಗಿ ಸಂಸ್ಥೆ ಗಳಿಸಿದ್ದ ಹೆಸರಿಗೆ ಧಕ್ಕೆಯಾಯಿತು.

1960ರಲ್ಲಿ ಘಿಯಾ ಕಟ್ಟಿದ ಪ್ಲಿಮತ್ ಎಕ್ಸ್‌ಎನ್‌ಆರ್ ಕಾರಿನ ಹೆಸರು ವಿನ್ಯಾಸಕಾರರ ಹೆಸರನ್ನೇ ಧ್ವನಿಸುತ್ತದೆ. ಅದರ ಎಡಬಲಗಳು ಒಂದೇ ತೆರನಾಗಿರಲಿಲ್ಲ; ರೆಕ್ಕೆ ಚಾಲಕನ ಹಿಂದೆ ಒಂದೇ ಬದಿಯಲ್ಲಿತ್ತು. ಪ್ರತಿಸ್ಪರ್ಧಿಗಳು ಕಾರುಗಳನ್ನು ಚಿಕ್ಕದಾಗಿಸಲಿದ್ದಾರೆಂಬ ತಪ್ಪು ಸುದ್ದಿಯನ್ನು ನಂಬಿದ ಆಡಳಿತ ವರ್ಗ, 1962ರ ಪ್ಲಿಮತ್ ಮತ್ತು ಡಾಡ್ಜ್ ಕಾರುಗಳ ಗಾತ್ರವನ್ನು ಎಕ್ಸ್‌ನರ್ ಅವರ ವಿರೋಧದ ನಡುವೆಯೂ ಕುಗ್ಗಿಸಿತು. ಆ ಕಾರುಗಳ ಮಾರಾಟ ನಿರಾಶಾದಾಯಕವಾಯಿತು. ಅವು ಮಾರುಕಟ್ಟೆಗೆ ಬಂದ ಹೊತ್ತಿಗೆ, 1961ರಲ್ಲಿ, ಎಕ್ಸ್‌ನರ್ ಅವರನ್ನು ಹುದ್ದೆಯಿಂದ ಬಿಡಿಸಿ ಫೋರ್ಡ್‌ನಿಂದ ಬಂದ ಎಲ್‌ವುಡ್ ಎಂಗಲ್ ಅವರನ್ನು ನೇಮಿಸಲಾಯಿತು.

ಕೊನೆಯ ವರ್ಷಗಳು ಮತ್ತು ನಿಧನ

ನಂತರ ಎಕ್ಸ್‌ನರ್ ಮಗನೊಂದಿಗೆ ಸ್ವತಂತ್ರವಾಗಿ ಕೆಲಸ ಮಾಡುತ್ತಾ, ಕಾಲಗರ್ಭಕ್ಕೆ ಸೇರಿದ್ದ ಹೆಸರಾಂತ ಕಾರುಗಳನ್ನು ಹೊಸ ರೂಪದಲ್ಲಿ ಕಲ್ಪಿಸಿದರು. ಇದರಲ್ಲಿಯೂ ಇಟಲಿಯ ನಂಟು ಉಳಿಯಿತು. 1965ರಲ್ಲಿ ಬುಗಾಟಿ ಚಾಸಿಸ್ ಒಂದರ ಮೇಲೆ, 1966ರಲ್ಲಿ ಡ್ಯೂಸೆನ್‌ಬರ್ಗ್ ಹೆಸರಿನ ಕಾರಿಗೆ ಘಿಯಾ ಬಾಡಿ ಕಟ್ಟಿತು. ತಾಮ್ರದ ಬಳಕೆಯನ್ನು ಪ್ರಚಾರಪಡಿಸಲು ರೂಪಿಸಿದ ಮರ್ಸರ್-ಕೋಬ್ರಾ ಕೂಡ ಟ್ಯೂರಿನ್‌ನಲ್ಲಿಯೇ ಸಿದ್ಧವಾಯಿತು. 1970ರಲ್ಲಿ ಅನಾವರಣಗೊಂಡ ಸ್ಟಟ್ಜ್ ಬ್ಲ್ಯಾಕ್‌ಹಾಕ್ ಮಾತ್ರ ನಿಯಮಿತ ಉತ್ಪಾದನೆಯ ಹಂತ ತಲುಪಿತು. ಅದರ ಮೊದಲ ಗ್ರಾಹಕರು ಗಾಯಕ ಎಲ್ವಿಸ್ ಪ್ರೀಸ್ಲಿ. ಎಕ್ಸ್‌ನರ್ 1973ರ ಡಿಸೆಂಬರ್ 22ರಂದು ಮಿಷಿಗನ್‌ನ ರಾಯಲ್ ಓಕ್‌ನಲ್ಲಿ ತಮ್ಮ 64ನೆಯ ವಯಸ್ಸಿನಲ್ಲಿ ನಿಧನರಾದರು.

ಪ್ರಭಾವ

ಎಕ್ಸ್‌ನರ್ ಅವರ ಹೆಸರು ಸಾಮಾನ್ಯವಾಗಿ ಬಾಲರೆಕ್ಕೆಗಳೊಂದಿಗೆ ಜೋಡಿಸಲ್ಪಟ್ಟಿದೆ. ಆದರೆ ಘಿಯಾ ಕಾರುಗಳಲ್ಲಿ ರೆಕ್ಕೆಗಿಂತ ಅಳತೆಯ ಹದಕ್ಕೆ ಹೆಚ್ಚಿನ ಪ್ರಾಮುಖ್ಯವಿತ್ತು. ಕಾಗದದ ಮೇಲಿನ ಕಲ್ಪನೆಯನ್ನು ಕಡಿಮೆ ವೆಚ್ಚದಲ್ಲಿ ಓಡುವ ಕಾರನ್ನಾಗಿ ಮಾಡಿ ತೋರಿಸಿದ್ದರಿಂದಲೇ ಎಂಜಿನಿಯರುಗಳ ಹಿಡಿತದಲ್ಲಿದ್ದ ಸಂಸ್ಥೆಯೊಂದರಲ್ಲಿ ವಿನ್ಯಾಸಕ್ಕೆ ಸ್ಥಾನ ದೊರೆಯಿತು. ಇದರಲ್ಲಿ ಹೆಸರು ದಾಖಲಾಗದ ಟ್ಯೂರಿನ್ ಕಮ್ಮಾರರ ಪಾಲೂ ಇದೆ. ಈ ಕಾರುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಅಮೆರಿಕದಿಂದ ಹೊರಹೋಗಿ ಇರಾನಿನ ಷಾ ಸೇರಿದಂತೆ ಹಲವರ ಕೈ ಬದಲಿಸಿ, ಲೆಬನಾನಿನ ಅಂತರ್ಯುದ್ಧದ ಕಾಲದಲ್ಲಿ ಬಚ್ಚಿಟ್ಟು ಕಾಪಾಡಲಾದ ಎಕ್ಸ್‌ಎನ್‌ಆರ್, ಜೀರ್ಣೋದ್ಧಾರಗೊಂಡ ಬಳಿಕ 2012ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 9,35,000 ಡಾಲರಿಗೆ ಮಾರಾಟವಾಯಿತು. ನಾರ್ಸ್‌ಮನ್ ಮಾತ್ರ ಇಂದಿಗೂ ಅಟ್ಲಾಂಟಿಕ್ ಸಾಗರದ ತಳದಲ್ಲಿಯೇ ಉಳಿದಿದೆ.