ಲೂಯಿ ಪಾಶ್ಚರ್: ಗಾಳಿ ಬೇಡದ ರೋಗಾಣುವನ್ನು ಕಂಡವರು



ಸೆಪ್ಟೆಂಬರ್ 28 ಲೂಯಿ ಪಾಶ್ಚರ್ ಅವರು ತೀರಿಕೊಂಡ ದಿನ. ಹುಚ್ಚುನಾಯಿ ಕಡಿತದ ಲಸಿಕೆ ಎಂದೊಡನೆ ಅವರ ಹೆಸರು ನೆನಪಾಗುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಹೊಲಗಳಲ್ಲಿ ಜಾಲಿಮುಳ್ಳು ಚುಚ್ಚಿ ಮೊಣಕಾಲು ಬಾತವರ ಚಿಕಿತ್ಸೆಗೂ ಅವರ ಕೆಲಸವೇ ಬುನಾದಿ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಎಂಬ ಊರಿನ ಕಥೋಲಿಕ ಮನೆಯಲ್ಲಿ. ತಂದೆ ಚರ್ಮ ಹದ ಮಾಡುವವರು. ಪಾಶ್ಚರ್ ಅವರು 1849ರಲ್ಲಿ ಮರೀ ಲೊರಾಂ ಅವರನ್ನು ಮದುವೆಯಾದರು. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರಲ್ಲಿ ಇಬ್ಬರು ಟೈಫಾಯಿಡ್‌ಗೆ ತುತ್ತಾದವರು. 1868ರಲ್ಲಿ, 45ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಅವರು ಕೆಲಸ ಬಿಡಲಿಲ್ಲ.

ಗಾಳಿಯಿಲ್ಲದೆ ಯಾವ ಜೀವಿಯೂ ಬದುಕದು ಎಂದು ಆಗಿನವರು ನಂಬಿದ್ದರು. 1861ರಲ್ಲಿ ಪಾಶ್ಚರ್ ಹುಳಿತ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹನಿಯ ನಡುವೆ ಇದ್ದ ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು. ಗಾಳಿ ತಾಗುವ ಅಂಚಿನಲ್ಲಿದ್ದವು ಸ್ತಬ್ಧವಾಗಿದ್ದವು. ನಮಗೆ ಉಸಿರಾದ ಗಾಳಿ ಅವುಗಳಿಗೆ ವಿಷ ಎಂಬುದನ್ನು ಅವರು ಗ್ರಹಿಸಿದರು. 1877ರಲ್ಲಿ, ಸತ್ತ ಪ್ರಾಣಿಗಳ ರಕ್ತವನ್ನು ಪರೀಕ್ಷಿಸುವಾಗ, ಇಂಥದ್ದೇ ಒಂದು ಜೀವಿ ರೋಗ ತಂದು ಕೊಲ್ಲಬಲ್ಲದು ಎಂದು ತೋರಿಸಿದರು. ಮರುವರ್ಷ ಶಸ್ತ್ರವೈದ್ಯರಿಗೆ ಕೈ, ಉಪಕರಣ, ಬಟ್ಟೆ, ನೀರು ಎಲ್ಲವೂ ಶುದ್ಧವಾಗಿರಬೇಕೆಂದು ಒತ್ತಿ ಹೇಳಿದರು.

ಕೀಲಿಗೂ ಇದಕ್ಕೂ ಏನು ಸಂಬಂಧ? ಗಾಳಿ ಬೇಡದ ಇಂಥ ರೋಗಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ, ನಮ್ಮ ಚರ್ಮದಲ್ಲಿ, ಕರುಳಿನಲ್ಲಿ ಇವೆ. ಮುಳ್ಳು ಆಳಕ್ಕೆ ಇಳಿದಾಗ, ಅಪಘಾತದಲ್ಲಿ ಗಾಯವಾದಾಗ, ಕೆಲವೊಮ್ಮೆ ಕೃತಕ ಕೀಲು ಹಾಕಿಸಿಕೊಂಡವರಲ್ಲಿ, ಇವು ಕೀಲಿನೊಳಗೆ ಸೇರಿಕೊಳ್ಳುತ್ತವೆ. ಕೀಲಿನ ಕೀವಿಗೆ ಹೆಚ್ಚಾಗಿ ಬೇರೆ ರೋಗಾಣುಗಳೇ ಕಾರಣ, ಇವು ಅಪರೂಪ. ಅದಕ್ಕೇ ಇವು ಕಣ್ತಪ್ಪುತ್ತವೆ. ವೈದ್ಯರು ಸೂಜಿಯಿಂದ ಕೀಲಿನ ದ್ರವ ತೆಗೆದು, ಗಾಳಿ ಸೋಕದಂತೆ ಪ್ರಯೋಗಾಲಯಕ್ಕೆ ಕಳಿಸಬೇಕು. ಕೆಲವು ಬೆಳೆದು ಕಾಣಿಸಲು ಎರಡು ವಾರವೂ ಬೇಕಾದೀತು. ಮೊದಲೇ ಅಂಗಡಿಯಿಂದ ಮಾತ್ರೆ ತಂದು ನುಂಗಿದ್ದರೆ ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು.

ಚಿಕಿತ್ಸೆ ಎರಡು ಬಗೆಯದು: ಕೀವು ಹೊರತೆಗೆದು ಕೀಲನ್ನು ತೊಳೆಯುವುದು, ಮತ್ತು ರೋಗಾಣುವಿಗೆ ತಕ್ಕ ಔಷಧ ಕೊಡುವುದು. ಪೆನಿಸಿಲಿನ್, ಕ್ಲಿಂಡಾಮೈಸಿನ್, ಮೆಟ್ರೊನಿಡಜೋಲ್ ಮುಂತಾದ ಔಷಧಗಳೆಲ್ಲ ಪಾಶ್ಚರ್ ಅವರ ಕಾಲದ ನಂತರ ಬಂದವು. ಒಂದಕ್ಕೆ ತಾಗುವ ಔಷಧ ಇನ್ನೊಂದಕ್ಕೆ ತಾಗದು. ಆದ್ದರಿಂದ ಆಯ್ಕೆ ವೈದ್ಯರದ್ದೇ. ಹಲವು ವಾರ ಔಷಧ ಬೇಕಾಗುತ್ತದೆ. ನೋವು ಇಳಿಯಿತೆಂದು ನಡುವೆ ನಿಲ್ಲಿಸಿದರೆ ಉಳಿದ ರೋಗಾಣು ಮತ್ತೆ ಏಳುತ್ತದೆ.

1885ರಲ್ಲಿ ಪಾಶ್ಚರ್ ಅವರು ನಾಯಿ ಕಚ್ಚಿದ ಬಾಲಕ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿದರು, ಅವನು ಬದುಕಿದ. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. 1895ರಲ್ಲಿ, ಒಂದು ಕೈ ಹೆಂಡತಿಯ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಶಿಲುಬೆ ಹಿಡಿದು ಅವರು ಕಣ್ಣು ಮುಚ್ಚಿದರೆಂದು ಅವರ ಜೀವನಚರಿತ್ರೆ ಹೇಳುತ್ತದೆ.

ನಮ್ಮ ಮನೆಗಳಲ್ಲಿ ಯಾರದಾದರೂ ಕೀಲು ಬಾತು, ಬಿಸಿಯಾಗಿ, ಜ್ವರ ಬಂದು, ಕಾಲು ಊರಲಾಗದಿದ್ದರೆ ಸೊಪ್ಪು ಕಟ್ಟಿ, ಎಣ್ಣೆ ತಿಕ್ಕಿ ದಿನ ಕಳೆಯಬೇಡಿ. ಕೆಲವೇ ದಿನಗಳಲ್ಲಿ ಕೀಲು ಹಾಳಾಗಬಹುದು. ಅಂದೇ ರಾಯಚೂರು ಅಥವಾ ಮಹಬೂಬನಗರದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಧನುರ್ವಾಯುವಿನ ರೋಗಾಣುವೂ ಇದೇ ಜಾತಿಯದು. ಮುಳ್ಳು ಚುಚ್ಚಿದಾಗ ಟಿ.ಟಿ. ಚುಚ್ಚುಮದ್ದಿನ ಬಗ್ಗೆಯೂ ವಿಚಾರಿಸಿ. ಚೀಟಿಯಲ್ಲಿ ಬರೆದದ್ದು ತೆಲುಗೋ ಇಂಗ್ಲಿಷೋ, ಅರ್ಥವಾಗದಿದ್ದರೆ ನಾಚಿಕೆಪಡದೆ ಕೇಳಿ. ರೋಗಿಗಾಗಿ ಜಪಸರ ಮಾಡೋಣ. ಆಸ್ಪತ್ರೆಗೆ ಜೊತೆಗೂ ಹೋಗೋಣ.